ಪ್ಯಾರಿಸ್‌ನಲ್ಲಿ 36 ಡಿಗ್ರಿಗೇ ಜನ ಸಾಯುವುದು ಯಾಕೆ? ಎಸಿ ಹಾಕಿಸಿಕೊಂಡರೆ ಮುಗಿಯಿತಲ್ವಾ?

2025ರ ಜುಲೈ 1ರಂದು ಪ್ಯಾರಿಸ್‌ನ ಐಫೆಲ್ ಟವರ್‌ನ ತುದಿಗೆ ಜನರನ್ನು ಬಿಡಲಿಲ್ಲ. ಕಾರಣ ಬಿಸಿಲು. ಫ್ರಾನ್ಸಿನಲ್ಲಿ ಸಾವಿರಕ್ಕೂ ಹೆಚ್ಚು ಶಾಲೆಗಳು ಬಾಗಿಲು ಹಾಕಿದವು. ಪ್ಯಾರಿಸ್ ಸೇರಿ 16 ಜಿಲ್ಲೆಗಳಲ್ಲಿ ರೆಡ್ ಅಲರ್ಟ್ ಇತ್ತು. ಅದಕ್ಕೆ ಎರಡು ದಿನ ಮೊದಲು ಪೋರ್ಚುಗಲ್‌ನ ಮೋರಾ ಎಂಬ ಊರಿನಲ್ಲಿ 46.6 ಡಿಗ್ರಿ ಮುಟ್ಟಿತ್ತು.

ಮೋರಾದ ಅಂಕಿ ನೋಡಿದರೆ ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಪ್ಯಾರಿಸ್, ಲಂಡನ್, ಬರ್ಲಿನ್ ಊರುಗಳ 35, 36 ಡಿಗ್ರಿ ಸುದ್ದಿ ಓದಿದಾಗ ರಾಯಚೂರು, ಕಲಬುರಗಿ ಕಡೆಯವರಿಗೆ ಆಶ್ಚರ್ಯ ಆಗುವುದು ಸಹಜ. ಅಲ್ಲಿ ಏಪ್ರಿಲ್‌ನಲ್ಲಿ 41, 42 ಮಾಮೂಲು. ಜನ ಕೆಲಸ ಮಾಡಿಕೊಂಡೇ ಇರುತ್ತಾರೆ. ಹಾಗಿರುವಾಗ ದುಡ್ಡಿರುವ ಯುರೋಪಿನವರಿಗೆ ಇದೊಂದು ದೊಡ್ಡ ವಿಷಯವಾ?

ದೊಡ್ಡ ವಿಷಯವೇ. 2022ರ ಒಂದೇ ಬೇಸಿಗೆಯಲ್ಲಿ ಯುರೋಪಿನಲ್ಲಿ 60 ಸಾವಿರಕ್ಕೂ ಹೆಚ್ಚು ಜನ ಬಿಸಿಲ ಧಗೆಯಿಂದ ಸತ್ತರು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. 2025ರ ಜೂನ್ ಕೊನೆಯ ಆ ಹತ್ತು ದಿನಗಳಲ್ಲಿ ಬರೀ 12 ನಗರಗಳಲ್ಲಿ ಸುಮಾರು 2,300 ಸಾವು ಎಂಬ ಅಂದಾಜಿದೆ. ಸತ್ತವರಲ್ಲಿ ಹೆಚ್ಚಿನವರು 65 ದಾಟಿದವರು.

ಈಗ ಇದು ನಮಗೂ ತೀರಾ ದೂರದ ಮಾತಲ್ಲ. ಮ್ಯೂನಿಕ್‌ನಲ್ಲೋ ಆಮ್‌ಸ್ಟರ್‌ಡ್ಯಾಮ್‌ನಲ್ಲೋ ಇರುವ ಮಗಳ ಬಾಣಂತನಕ್ಕೆ ಹೋಗುವ ಅಮ್ಮಂದಿರು, ಓದಲು ಹೋಗಿ ಕೊನೆ ಮಹಡಿಯ ರೂಮಿನಲ್ಲಿ ಇರುವ ಹುಡುಗರು, ರಜೆಗೆ ಪ್ರವಾಸ ಹೋಗುವವರು ಎಲ್ಲರೂ ಹೆಚ್ಚಾಗಿ ಅಲ್ಲಿರುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಈ ತಿಂಗಳುಗಳಲ್ಲೇ. ಹಾಗಾಗಿ ಬುಡದಿಂದ ನೋಡೋಣ.

## ಹೀಟ್‌ವೇವ್ ಅಂತ ಯಾವಾಗ ಹೇಳುತ್ತಾರೆ?

ಬೇಸಿಗೆಯಲ್ಲಿ ಒಂದು ದಿನ ಬಿಸಿಲು ಜಾಸ್ತಿಯಾದರೆ ಅದು ಹೀಟ್‌ವೇವ್ ಆಗುವುದಿಲ್ಲ. ಆ ಊರಿಗೆ ಅಭ್ಯಾಸವಿಲ್ಲದಷ್ಟು ಕಾವು ಬಂದು ಕೆಲವು ದಿನ ಬಿಡದೆ ನಿಂತರೆ ಹಾಗೆ ಕರೆಯುತ್ತಾರೆ. "ಆ ಊರಿಗೆ" ಎನ್ನುವುದು ಮುಖ್ಯ. ಒಂದೇ ಗೆರೆ ಎಲ್ಲ ಕಡೆಗೂ ಸಲ್ಲುವುದಿಲ್ಲ. ನಮ್ಮ ಹವಾಮಾನ ಇಲಾಖೆ ಕೂಡ ಬಯಲು ಪ್ರದೇಶಕ್ಕೆ ಕನಿಷ್ಠ 40 ಡಿಗ್ರಿ, ಕರಾವಳಿಗೆ 37, ಗುಡ್ಡಗಾಡಿಗೆ 30 ಎಂದು ಬೇರೆ ಬೇರೆ ಗೆರೆ ಎಳೆದುಕೊಂಡಿದೆ.

ಫ್ರಾನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಪ್ರತಿ ಜಿಲ್ಲೆಗೂ ಎರಡು ಅಂಕಿ ಇವೆ. ಒಂದು ಹಗಲಿಗೆ, ಇನ್ನೊಂದು ರಾತ್ರಿಗೆ. ಪ್ಯಾರಿಸ್‌ಗೆ 31 ಮತ್ತು 21. ಅಂದರೆ ಮೂರು ದಿನದ ಸರಾಸರಿ ತೆಗೆದಾಗ ಹಗಲು 31 ಡಿಗ್ರಿ ದಾಟಬೇಕು, ರಾತ್ರಿ 21ಕ್ಕಿಂತ ಕೆಳಗೆ ಇಳಿಯಬಾರದು. ದಕ್ಷಿಣದ ಮಾರ್ಸೆ ನಗರಕ್ಕೆ 35 ಮತ್ತು 24. ಅಲ್ಲಿನ ಮನೆ, ಅಲ್ಲಿನ ಜನ ಎರಡೂ ಬಿಸಿಲಿಗೆ ಒಗ್ಗಿಕೊಂಡಿರುವುದರಿಂದ ಗೆರೆ ಮೇಲಿದೆ.

ರಾತ್ರಿಯ ಅಂಕಿ ಯಾಕೆ ಬೇಕು? ಸುದ್ದಿಯಲ್ಲಿ ಬರುವುದು ಮಧ್ಯಾಹ್ನದ 38, 40. ಜೀವ ತೆಗೆಯುವ ವಿಷಯದಲ್ಲಿ ರಾತ್ರಿಯ 24, 25 ಅದಕ್ಕಿಂತ ಕಡಿಮೆಯೇನಲ್ಲ. ಈ ಲೇಖನದ ಬಹುಪಾಲು ಈ ಒಂದು ಅಂಶವನ್ನು ಹಿಡಿದೇ ಸಾಗುತ್ತದೆ.

## ರಾತ್ರಿ ತಂಪಾಗದಿದ್ದರೆ ದೇಹಕ್ಕೆ ಏನಾಗುತ್ತದೆ?

ನಮ್ಮ ದೇಹ ಸದಾ 37 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು. ಹೊರಗೆ ಕಾವು ಏರಿದಾಗ ದೇಹ ಎರಡು ಕೆಲಸ ಮಾಡುತ್ತದೆ. ರಕ್ತವನ್ನು ಚರ್ಮದ ಹತ್ತಿರಕ್ಕೆ ಹೆಚ್ಚು ಹರಿಸುತ್ತದೆ. ಬೆವರುತ್ತದೆ. ಬೆವರು ಆರುವಾಗ ಮೈಯ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಇವೆರಡಕ್ಕೂ ಹೃದಯ ಜೋರಾಗಿ ದುಡಿಯಬೇಕು. ಜೊತೆಗೆ ಮೈಯಲ್ಲಿ ನೀರು ಇರಬೇಕು.

ಹಗಲೆಲ್ಲ ಹೀಗೆ ದುಡಿದ ಹೃದಯಕ್ಕೆ ರಾತ್ರಿಯ ತಂಪು ಬಿಡುವು ಕೊಡುತ್ತದೆ. ಮಲಗುವ ಕೋಣೆಯೇ 30 ಡಿಗ್ರಿ ಇದ್ದರೆ ಆ ಬಿಡುವು ಸಿಗುವುದಿಲ್ಲ. ಒಂದು ರಾತ್ರಿ ತಡೆಯಬಹುದು. ನಾಲ್ಕನೆಯ, ಐದನೆಯ ರಾತ್ರಿ ವಯಸ್ಸಾದವರ ದೇಹ ಸೋಲುತ್ತದೆ. ವಯಸ್ಸಾದಂತೆ ಬೆವರುವುದು ಕಡಿಮೆಯಾಗುತ್ತದೆ, ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ಬಿಪಿಗೆ, ಹೃದಯಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ಮೈಯ ನೀರನ್ನು ಹೊರಗೆ ಹಾಕುತ್ತವೆ. ಮನೆಯೊಳಗೆ ಹಗಲು 32, ರಾತ್ರಿ 24 ಡಿಗ್ರಿಗಿಂತ ಕಡಿಮೆ ಇರುವಂತೆ ನೋಡಿಕೊಳ್ಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಧಗೆಯಿಂದ ಸಾಯುವವರಲ್ಲಿ ಹೆಚ್ಚಿನವರು ಬಿಸಿಲಲ್ಲಿ ಕುಸಿದು ಬಿದ್ದವರಲ್ಲ. ಮೊದಲೇ ದುರ್ಬಲವಾಗಿದ್ದ ಹೃದಯ, ಶ್ವಾಸಕೋಶ, ಕಿಡ್ನಿ ಕೈಕೊಟ್ಟು ಮನೆಯಲ್ಲೇ ಹೋಗುತ್ತಾರೆ. ಮರಣ ಪತ್ರದಲ್ಲಿ "ಹೃದಯಾಘಾತ" ಅಂತ ಇರುತ್ತದೆ. ಹಾಗಾಗಿ ಸಂಶೋಧಕರು ಬೇರೆ ದಾರಿ ಹಿಡಿಯುತ್ತಾರೆ. ಆ ವಾರದಲ್ಲಿ ಸಾಮಾನ್ಯವಾಗಿ ಎಷ್ಟು ಜನ ಸಾಯುತ್ತಿದ್ದರು, ಈ ಸಲ ಎಷ್ಟು ಜನ ಸತ್ತರು ಎಂದು ನೋಡಿ, ಕಾವು ಏರಿದಂತೆ ಸಾವು ಎಷ್ಟು ಏರುತ್ತದೆ ಎಂಬ ಹಳೆಯ ದಾಖಲೆಯ ಜೊತೆ ಇಟ್ಟು ಅಂದಾಜು ಮಾಡುತ್ತಾರೆ. ಮೇಲೆ ಹೇಳಿದ 60 ಸಾವಿರ ಅಂಥ ಅಂದಾಜು.

ಯುರೋಪಿಗೆ ಈ ಪಾಠ ಕಲಿಸಿದ್ದು 2003ರ ಆಗಸ್ಟ್. ಫ್ರಾನ್ಸ್ ಒಂದರಲ್ಲೇ ಸುಮಾರು 15 ಸಾವಿರ ಜನ ಹೋದರು. ಯುರೋಪಿನ ಒಟ್ಟು ಲೆಕ್ಕ 70 ಸಾವಿರ ದಾಟಿತು. ಪ್ಯಾರಿಸ್‌ನಲ್ಲಿ ಒಂದು ರಾತ್ರಿ 25.5 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ಆಗಸ್ಟ್ ಅಲ್ಲಿ ರಜೆಯ ತಿಂಗಳು. ಮಕ್ಕಳು ಊರಾಚೆ ಹೋಗಿದ್ದರು, ಪರಿಚಯದ ಡಾಕ್ಟರೂ ರಜೆಯಲ್ಲಿದ್ದರು, ಒಂಟಿ ಮುದುಕರು ಮೇಲಿನ ಮಹಡಿಗಳಲ್ಲಿ ಉಳಿದರು. ಶವ ಇಡಲು ಜಾಗ ಸಾಲದೆ ನಗರದ ಹೊರಗಿನ ರಂಜಿಸ್ ಸಗಟು ಮಾರುಕಟ್ಟೆಯ ಶೀತಲ ಗೋದಾಮನ್ನು ಬಳಸಬೇಕಾಯಿತು. ಕೊನೆಗೂ ಯಾರೂ ಕೇಳಿಕೊಂಡು ಬರದ 57 ಜನರನ್ನು ಸೆಪ್ಟೆಂಬರ್ 3ರಂದು ತಿಯೇ ಸ್ಮಶಾನದಲ್ಲಿ ಮಣ್ಣು ಮಾಡಿದರು. ರಾಷ್ಟ್ರಪತಿ ಜಾಕ್ ಶಿರಾಕ್ ಬಂದು ನಿಂತಿದ್ದರು.

ಆಮೇಲೆ ನಡೆದ ಅಧ್ಯಯನದಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಛಾವಣಿಯ ನೇರ ಕೆಳಗೆ, ಕೊನೆಯ ಮಹಡಿಯಲ್ಲಿ ಮಲಗುತ್ತಿದ್ದವರಿಗೆ ಅಪಾಯ ಹಲವು ಪಟ್ಟು ಹೆಚ್ಚಿತ್ತು. ಹಾಗಾದರೆ ಆ ಮನೆಗಳಲ್ಲಿ ಏನಿದೆ?

## ಚಳಿಗೆಂದು ಕಟ್ಟಿದ ಮನೆ

ಉತ್ತರ ಯುರೋಪಿನ ಮನೆಗೆ ನೂರಾರು ವರ್ಷಗಳಿಂದ ಇದ್ದ ಶತ್ರು ಒಂದೇ, ಚಳಿ. ಆರು ತಿಂಗಳು ಒಳಗಿನ ಬೆಚ್ಚನೆ ಹೊರಗೆ ಹೋಗಬಾರದು. ಹಾಗಾಗಿ ಗೋಡೆಗೆ ಕಾವು ದಾಟದಂತೆ ತಡೆಯುವ ಒಳಪದರ (ಇನ್ಸುಲೇಷನ್), ಎರಡು ಮೂರು ಪದರ ಗಾಜಿನ ಕಿಟಕಿ, ಸಂದಿ ಇಲ್ಲದ ಬಾಗಿಲು. ಚಳಿಗಾಲದ ಸಣ್ಣ ಬಿಸಿಲೂ ಒಳಗೆ ಬರಲೆಂದು ದೊಡ್ಡ ಗಾಜು. ನಮ್ಮಲ್ಲಿ ಸೂರಿನ ಕೆಳಗೆ ಸೆಕೆ ಹೊರಹೋಗಲು ಬಿಡುವ ಗವಾಕ್ಷಿ, ಕಿಟಕಿ ಮೇಲಿನ ಸಜ್ಜಾ, ಮನೆ ಮುಂದಿನ ಜಗಲಿ ಯಾವುದೂ ಅಲ್ಲಿ ಬೇಕಿರಲಿಲ್ಲ. ಸೀಲಿಂಗ್ ಫ್ಯಾನಿನ ಕೊಕ್ಕೆ ಕೂಡ ಇರುವುದಿಲ್ಲ.

ಒಳಪದರ ಇರುವುದು ತಪ್ಪೇನಲ್ಲ. ಅದು ಹೊರಗಿನ ಕಾವನ್ನೂ ತಡೆಯುತ್ತದೆ. ತೊಂದರೆ ಶುರುವಾಗುವುದು ಗಾಜಿನಿಂದ. ಬಿಸಿಲು ಗಾಜನ್ನು ದಾಟಿ ಒಳಗಿನ ನೆಲ, ಮಂಚ, ಸೋಫಾ ಮೇಲೆ ಬಿದ್ದು ಅಲ್ಲೇ ಕಾವಾಗಿ ಬದಲಾಗುತ್ತದೆ. ಆ ಕಾವು ಅದೇ ಗಾಜಿನಿಂದ ಅಷ್ಟು ಸುಲಭವಾಗಿ ವಾಪಸ್ ಹೋಗುವುದಿಲ್ಲ. ಈಗ ಒಳಪದರ ಉಲ್ಟಾ ಕೆಲಸ ಮಾಡುತ್ತದೆ, ಒಳಗೆ ಬಂದ ಕಾವನ್ನು ರಾತ್ರಿಯೂ ಹಿಡಿದಿಡುತ್ತದೆ.

ಇನ್ನು ಅಲ್ಲಿನ ಸೂರ್ಯನ ದಾರಿಯೇ ಬೇರೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು 13 ಗಂಟೆಯೂ ಇಲ್ಲ. ಪ್ಯಾರಿಸ್‌ನಲ್ಲಿ ಜೂನ್ ಹಗಲು 16 ಗಂಟೆ ದಾಟುತ್ತದೆ. ಸೂರ್ಯ ಮುಳುಗುವಾಗ ರಾತ್ರಿ ಹತ್ತಾಗುತ್ತದೆ. ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಕಾವೆಲ್ಲ ತಾರಸಿಗೆ ಬೀಳುತ್ತದೆ, ಗೋಡೆ ಕಿಟಕಿಗೆ ಕಡಿಮೆ. ಅಲ್ಲಿ ಸೂರ್ಯ ಅಷ್ಟು ಮೇಲಕ್ಕೆ ಏರುವುದೇ ಇಲ್ಲ. ಸಂಜೆ ಆರು ಗಂಟೆಗೂ ಪಶ್ಚಿಮದ ಕಿಟಕಿಗೆ ಓರೆಯಾಗಿ ನೇರ ಒಳಕ್ಕೆ ಹೊಡೆಯುತ್ತಾನೆ, ಅದೂ ಗಂಟೆಗಟ್ಟಲೆ. ದಿನದ ಅತಿ ಹೆಚ್ಚು ಕಾವು ಅಲ್ಲಿ ಸಂಜೆ ಐದು ಆರರ ಹೊತ್ತಿಗೆ. ಮನೆ ತಣಿಯಲು ಉಳಿಯುವ ರಾತ್ರಿ ಏಳೆಂಟು ಗಂಟೆ ಮಾತ್ರ.

ಪ್ಯಾರಿಸ್‌ನ ಹಳೆ ಕಟ್ಟಡಗಳ ಕಥೆ ಇನ್ನೂ ಕಷ್ಟದ್ದು. ಆ ಊರಿನ ಬಹುಪಾಲು ಛಾವಣಿಗಳು ಸತುವಿನ ತಗಡಿನವು. ತಗಡಿನ ಕೆಳಗೆ, ಹಿಂದೆ ಮನೆಗೆಲಸದವರಿಗೆಂದು ಮಾಡಿದ ಪುಟ್ಟ ಕೋಣೆಗಳಿವೆ. ಈಗ ಅಲ್ಲಿ ಬಾಡಿಗೆಗೆ ಇರುವವರು ವಿದ್ಯಾರ್ಥಿಗಳು, ಕಡಿಮೆ ಆದಾಯದವರು, ಒಂಟಿ ವಯಸ್ಸಾದವರು. ಇಳಿಜಾರು ಸೂರಿನಲ್ಲಿ ಒಂದೇ ಒಂದು ಕಿಟಕಿ, ಅದೂ ಆಕಾಶಕ್ಕೆ ಮುಖ ಮಾಡಿದ್ದು. ಎದುರು ಬದುರು ಕಿಟಕಿ ಇಲ್ಲದ ಮೇಲೆ ಗಾಳಿ ಆಡುವುದು ಎಲ್ಲಿಂದ? ಆ ತಗಡಿನ ಛಾವಣಿ ಹಾಕುವ ಕಸುಬನ್ನು 2024ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸಿತು. ಊರಿನ ಚೆಂದ ಅದರಲ್ಲೇ ಇದೆ. ಅದರ ಕೆಳಗೆ ಮಲಗುವವರ ಕಷ್ಟವೂ ಅಲ್ಲೇ ಇದೆ.

ದಕ್ಷಿಣದ ಊರುಗಳು ಹೀಗಿಲ್ಲ. ಇಟಲಿ, ಸ್ಪೇನ್, ದಕ್ಷಿಣ ಫ್ರಾನ್ಸಿನಲ್ಲಿ ಕಿಟಕಿಯ ಹೊರಗೆ ಮರದ ಪಟ್ಟಿಯ ಬಾಗಿಲು ಅಥವಾ ಸುರುಳಿ ಪರದೆ ಇರುತ್ತದೆ. ಬೆಳಗ್ಗೆಯೇ ಅದನ್ನು ಮುಚ್ಚುತ್ತಾರೆ. ಬಿಸಿಲು ಗಾಜಿನ ಹೊರಗೇ ನಿಲ್ಲುತ್ತದೆ. ಒಳಗಿನ ಕರ್ಟನ್ ಎಷ್ಟೇ ದಪ್ಪ ಇದ್ದರೂ ಇಷ್ಟು ಕೆಲಸ ಮಾಡುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಬಿಸಿಲು ಗಾಜು ದಾಟಿ ಒಳಗೆ ಬಂದಿರುತ್ತದೆ. ಬ್ರಿಟನ್ನಿನ ಮನೆಗಳಲ್ಲಿ ಕಿಟಕಿಯ ಹೊರಗಿನ ಈ ಪರದೆ ತೀರಾ ಅಪರೂಪ. ಅದೇ ಬ್ರಿಟನ್ನಿನಲ್ಲಿ 2022ರ ಜುಲೈ 19ರಂದು ಕೋನಿಂಗ್ಸ್‌ಬಿ ಎಂಬಲ್ಲಿ 40.3 ಡಿಗ್ರಿ ದಾಖಲಾಯಿತು. ಆ ದೇಶದ ದಾಖಲೆಯಲ್ಲಿ 40 ದಾಟಿದ ಮೊದಲ ದಿನ ಅದು.

ಇಡೀ ಖಂಡ 1980ರ ದಶಕದಿಂದ ಜಗತ್ತಿನ ಸರಾಸರಿಗಿಂತ ಸುಮಾರು ಎರಡು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ. ಮನೆಗಳು ಮಾತ್ರ ಹಳೆಯ ಹವೆಗೆ ಕಟ್ಟಿದವು.

## ಎಸಿ ನಿಜವಾಗಿ ಏನು ಮಾಡುತ್ತದೆ?

ಎಸಿ ತಂಪನ್ನು ತಯಾರಿಸುತ್ತದೆ ಅಂತ ಅಂದುಕೊಳ್ಳುವವರು ಬಹಳ. ಅದು ಕಾವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಯಂತ್ರ. ನೀರು ತಾನಾಗಿ ಇಳಿಜಾರಿನ ಕಡೆ ಹರಿಯುತ್ತದೆ, ಬಾವಿಯಿಂದ ಮೇಲಕ್ಕೆ ಬರಬೇಕಾದರೆ ಪಂಪ್‌ಸೆಟ್ ಬೇಕು. ಕಾವೂ ಹಾಗೇ. ತಾನಾಗಿ ಬಿಸಿ ಕಡೆಯಿಂದ ತಂಪು ಕಡೆಗೆ ಹರಿಯುತ್ತದೆ. 26 ಡಿಗ್ರಿಯ ಕೋಣೆಯಿಂದ ತೆಗೆದು 38 ಡಿಗ್ರಿಯ ಬೀದಿಗೆ ಹಾಕಬೇಕಾದರೆ ಪಂಪ್ ಬೇಕು.

ಪಂಪ್ ಕೆಲಸ ಮಾಡುವುದು ಹೀಗೆ. ಕೊಳವೆಯೊಳಗೆ ಒಂದು ದ್ರವ ಸುತ್ತುತ್ತಿರುತ್ತದೆ. ಒಳಗಿನ ಘಟಕದಲ್ಲಿ ಅದು ಆವಿಯಾಗುತ್ತದೆ. ಆವಿಯಾಗಲು ಬೇಕಾದ ಕಾವನ್ನು ಕೋಣೆಯ ಗಾಳಿಯಿಂದ ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತುತ್ತದೆ. ಒತ್ತಿದಾಗ ಅದು ಹೊರಗಿನ ಗಾಳಿಗಿಂತಲೂ ಬಿಸಿಯಾಗುತ್ತದೆ. ಹೊರಗಿನ ಘಟಕದಲ್ಲಿ ಆ ಕಾವನ್ನು ಬಿಟ್ಟು ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಒಳ್ಳೆಯ ಎಸಿ ಒಂದು ಯೂನಿಟ್ ಕರೆಂಟಿನಲ್ಲಿ ಮೂರು ಯೂನಿಟ್ ಕಾವನ್ನೋ ಅದಕ್ಕಿಂತ ಜಾಸ್ತಿಯನ್ನೋ ಹೊರಗೆ ಹಾಕುತ್ತದೆ. ಇದನ್ನೇ ತಿರುಗಿಸಿ ಚಳಿಗಾಲದಲ್ಲಿ ಹೊರಗಿನ ಕಾವನ್ನು ಒಳಗೆ ತಂದರೆ ಅದು ಹೀಟ್ ಪಂಪ್. ಯುರೋಪಿನ ಸರ್ಕಾರಗಳು ಗ್ಯಾಸ್ ಹೀಟರ್ ಬದಲು ಹೀಟ್ ಪಂಪ್ ಹಾಕಿ ಎಂದು ಸಹಾಯಧನ ಕೊಡುತ್ತಿವೆ. ಹಾಗೆ ಹಾಕಿದ ಅನೇಕ ಯಂತ್ರಗಳು ಬೇಸಿಗೆಯಲ್ಲಿ ಎಸಿಯೂ ಆಗುತ್ತವೆ.

ಈಗ ಲೆಕ್ಕ ನೋಡಿ. ಒಳಗಿನಿಂದ ತೆಗೆದ ಕಾವು ಬೀದಿಗೆ ಬಂತು. ಕಂಪ್ರೆಸರ್ ನುಂಗಿದ ಕರೆಂಟೂ ಕೊನೆಗೆ ಕಾವಾಗಿ ಬೀದಿಗೇ ಬಂತು. ಬಯಲಲ್ಲಿರುವ ಒಂಟಿ ಮನೆಯಾದರೆ ಗಾಳಿ ಅದನ್ನು ಹೊತ್ತೊಯ್ಯುತ್ತದೆ. ಆರೇಳು ಮಹಡಿಯ ಕಟ್ಟಡಗಳು ಎರಡೂ ಕಡೆ ಒತ್ತಿ ನಿಂತ ಬೀದಿಯಲ್ಲಿ ಅದು ಅಲ್ಲೇ ಸುತ್ತುತ್ತದೆ. ಊರಿನ ಕಲ್ಲು, ಡಾಂಬರು ಹಗಲು ಕುಡಿದ ಕಾವನ್ನು ರಾತ್ರಿ ಬಿಡುವುದರಿಂದ ನಗರದ ನಡುಭಾಗ ಹಳ್ಳಿಗಿಂತ ಹಲವು ಡಿಗ್ರಿ ಬಿಸಿ ಇರುತ್ತದೆ. ನಗರ ಉಷ್ಣ ದ್ವೀಪ ಎಂದು ಪಠ್ಯಗಳಲ್ಲಿ ಬರುವುದು ಇದೇ. ಅದರ ಮೇಲೆ ಸಾವಿರಾರು ಎಸಿಗಳ ಬಿಸಿ ಸೇರುತ್ತದೆ. ಎಸಿ ಬಳಕೆ ತುಂಬಾ ಹೆಚ್ಚಿದರೆ ಪ್ಯಾರಿಸ್‌ನ ಕೆಲವು ಬೀದಿಗಳಲ್ಲಿ ರಾತ್ರಿಯ ಕಾವು 2 ಡಿಗ್ರಿವರೆಗೂ ಏರಬಹುದು ಎಂದು ಅಲ್ಲಿನ ಸಂಶೋಧಕರು ಕಂಪ್ಯೂಟರ್ ಲೆಕ್ಕದಿಂದ ಹೇಳಿದ್ದಾರೆ. ಎಸಿ ಇಲ್ಲದವರು ರಾತ್ರಿ ಕಿಟಕಿ ತೆರೆಯುವುದು ಆ ಬೀದಿಯ ಕಡೆಗೇ.

ಹಾಗಂತ ಎಸಿ ಕೆಟ್ಟದ್ದು ಅಂತ ತೀರ್ಮಾನಿಸುವುದೂ ಸರಿಯಲ್ಲ. ಹೃದಯದ ತೊಂದರೆ ಇರುವ 80 ವರ್ಷದವರ ಕೋಣೆಯಲ್ಲಿ ಅದು ಜೀವ ಉಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. 2003ರ ನಂತರ ಫ್ರಾನ್ಸ್ ಪ್ರತಿ ವೃದ್ಧಾಶ್ರಮದಲ್ಲೂ ಕನಿಷ್ಠ ಒಂದು ತಂಪು ಕೋಣೆ ಇರಲೇಬೇಕು ಎಂದಿತು. ಯಾರಿಗೆ, ಎಲ್ಲಿ ಮೊದಲು ತಂಪು ಬೇಕು ಎಂದು ಯೋಚಿಸಿದರೆ ಬರುವ ಉತ್ತರ ಅದು. ಸರಿಯಾದ ಉತ್ತರ ಎಂದೇ ನನಗನ್ನಿಸುತ್ತದೆ.

## ದುಡ್ಡಿದೆ, ಹಾಕಿಸಿಕೊಳ್ಳಲು ಏನು ಅಡ್ಡಿ?

ಅಮೆರಿಕ, ಜಪಾನ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಮನೆಗಳಲ್ಲಿ ಎಸಿ ಇದೆ. ಯುರೋಪಿನಲ್ಲಿ ಸುಮಾರು ಐದಕ್ಕೆ ಒಂದು. ಇಟಲಿ, ಸ್ಪೇನ್‌ಗಳಲ್ಲಿ ಜಾಸ್ತಿ, ಉತ್ತರಕ್ಕೆ ಹೋದಂತೆ ಕಡಿಮೆ.

ಮೊದಲ ಅಡ್ಡಿ ಕಿಟಕಿ. ನಮ್ಮಲ್ಲಿ ಹಳೆ ಆಫೀಸುಗಳಲ್ಲಿ ಕಾಣುವ ವಿಂಡೋ ಎಸಿಯನ್ನು ಕೂರಿಸಲು ಚೌಕಟ್ಟು ಬೇಕು. ಜರ್ಮನಿಯ ಕಿಟಕಿ ಬಾಗಿಲಿನಂತೆ ಒಳಗೆ ತೆರೆಯುತ್ತದೆ, ಹಿಡಿ ತಿರುಗಿಸಿದರೆ ಮೇಲ್ಭಾಗ ಒಳಕ್ಕೆ ವಾಲುತ್ತದೆ. ಅದರಲ್ಲಿ ಏನನ್ನೂ ಕೂರಿಸಲಾಗದು. ಸ್ಪ್ಲಿಟ್ ಎಸಿ ಹಾಕಬೇಕಾದರೆ ಗೋಡೆ ಕೊರೆಯಬೇಕು, ಹೊರಗಿನ ಘಟಕವನ್ನು ಬೀದಿ ಕಡೆಯ ಗೋಡೆಗೋ ಬಾಲ್ಕನಿಗೋ ಇಡಬೇಕು. ಬಾಡಿಗೆದಾರರಾದರೆ ಮಾಲೀಕರ ಒಪ್ಪಿಗೆ ಬೇಕು. ಫ್ರಾನ್ಸಿನ ಅಪಾರ್ಟ್‌ಮೆಂಟಿನಲ್ಲಿ ಸ್ವಂತ ಮನೆಯಾದರೂ ಹೊರಗೋಡೆ ಎಲ್ಲರದು. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸೇರುವ ಮಾಲೀಕರ ಸಭೆಯಲ್ಲಿ ಮತ ಹಾಕಿಸಬೇಕು. ಜೂನ್‌ನಲ್ಲಿ ಸೆಕೆ ತಡೆಯಲಾಗದೆ ಅರ್ಜಿ ಕೊಟ್ಟರೆ ಒಪ್ಪಿಗೆ ಬರುವಷ್ಟರಲ್ಲಿ ಚಳಿ ಬಂದಿರುತ್ತದೆ. ಸ್ಮಾರಕದ ಸುತ್ತಮುತ್ತಲಿನ ಕಟ್ಟಡವಾದರೆ ಪರಂಪರೆ ಇಲಾಖೆಯ ವಾಸ್ತುಶಿಲ್ಪಿಯ ಒಪ್ಪಿಗೆಯೂ ಬೇಕು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಗೋಡೆಗೆ ಎಸಿ ಕೂರಿಸಲು ಸರ್ಕಾರದ ಪರವಾನಗಿಯೇ ಬೇಕು, ಅಗತ್ಯ ಏನೆಂದು ತೋರಿಸಬೇಕು.

ಹಾಗಾಗಿ ಜನ ಗಾಲಿಯ ಮೇಲೆ ತಳ್ಳುವ ಪೋರ್ಟಬಲ್ ಎಸಿ ತರುತ್ತಾರೆ. ಅಲ್ಲಿರುವ ನಮ್ಮವರ ಮನೆಗಳಲ್ಲೂ ಇದೇ ಹೆಚ್ಚು. ಇದರ ದೋಷ ತಿಳಿದಿರಲಿ. ಇದರ ಹಿಂದೆ ಕೈಯಷ್ಟು ದಪ್ಪದ ಒಂದು ಪೈಪ್ ಇರುತ್ತದೆ. ಕೋಣೆಯದೇ ಗಾಳಿಯನ್ನು ಎಳೆದು, ಬಿಸಿ ಮಾಡಿ, ಆ ಪೈಪಿನಿಂದ ಹೊರಗೆ ಊದುತ್ತದೆ. ಒಳಗಿನಿಂದ ಎಷ್ಟು ಗಾಳಿ ಹೋಯಿತೋ ಅಷ್ಟೇ ಗಾಳಿ ಹೊರಗಿನಿಂದ ಸಂದಿಗೊಂದಿಯಲ್ಲಿ ಒಳಗೆ ಬರಲೇಬೇಕು. ಬರುವುದು ಬಿಸಿ ಗಾಳಿ. ಪೈಪ್ ತೂರಿಸಲು ಕಿಟಕಿಯನ್ನು ಅರ್ಧ ತೆರೆದಿಟ್ಟರಂತೂ ಮಾಡಿದ್ದೆಲ್ಲ ವ್ಯರ್ಥ. ಕಿಟಕಿ ಸಂದಿಗೆ ಅಂಟಿಸುವ ಜಿಪ್ ಇರುವ ಬಟ್ಟೆ ಸಿಗುತ್ತದೆ, ಅದನ್ನು ಸುತ್ತಲೂ ಗಟ್ಟಿಯಾಗಿ ಅಂಟಿಸಿ ಜಿಪ್ಪಿನಲ್ಲಿ ಪೈಪ್ ಮಾತ್ರ ಹೊರಗೆ ಬಿಡಬೇಕು. ಪೈಪೂ ಕಾಯುತ್ತದೆ, ಅದನ್ನು ಆದಷ್ಟು ಚಿಕ್ಕದಾಗಿ ಇಡಬೇಕು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎಸಿ ಬೇಕೋ ಬೇಡವೋ ಎಂಬ ಜಗ್ಗಾಟ ಎಲ್ಲರ ಕಣ್ಣಿಗೂ ಬಿತ್ತು. ಕ್ರೀಡಾಗ್ರಾಮವನ್ನು ಎಸಿ ಇಲ್ಲದೆ, ನೆಲದಡಿ ತಂಪು ನೀರಿನ ಕೊಳವೆ ಹಾಕಿ ಕಟ್ಟಿದರು. ಕ್ರೀಡಾಪಟುಗಳ ನಿದ್ದೆ ಕೆಡಬಾರದೆಂದು ಅನೇಕ ದೇಶದವರು ಪೋರ್ಟಬಲ್ ಎಸಿ ತರಿಸಿಕೊಂಡರು. 2025ರ ಬೇಸಿಗೆಯಲ್ಲಿ ಅದು ರಾಜಕೀಯವೂ ಆಯಿತು. ಶಾಲೆ, ಆಸ್ಪತ್ರೆಗಳಿಗೆ ಎಸಿ ಹಾಕುವ ದೊಡ್ಡ ಯೋಜನೆ ಬೇಕು ಎಂದು ಫ್ರಾನ್ಸಿನ ಬಲಪಂಥೀಯ ನಾಯಕಿ ಮರೀನ್ ಲ ಪೆನ್ ಕೇಳಿದರು. ಕಟ್ಟಡ ಸುಧಾರಿಸಿ, ಹಸಿರು ಬೆಳೆಸಿ ಎಂದು ಗ್ರೀನ್ ಪಕ್ಷ ವಾದಿಸಿತು.

## ಕರೆಂಟು ಮತ್ತು ಗ್ಯಾಸಿನ ಪ್ರಶ್ನೆ

ಎಸಿ ಹೆಚ್ಚಾದರೆ ಕರೆಂಟ್ ಸಾಲುತ್ತದಾ? ಯುರೋಪಿನಲ್ಲಿ ಇದಕ್ಕೆ ಒಂದು ಸಮಾಧಾನ ಇದೆ. ಬಿಸಿಲು ಜಾಸ್ತಿ ಇರುವಾಗಲೇ ಸೋಲಾರ್ ಕರೆಂಟೂ ಜಾಸ್ತಿ. 2025ರ ಜೂನ್‌ನಲ್ಲಿ ಯುರೋಪಿಯನ್ ಒಕ್ಕೂಟದ ವಿದ್ಯುತ್ತಿನಲ್ಲಿ ಮೊದಲ ಬಾರಿಗೆ ಸೋಲಾರಿನದೇ ಅತಿ ದೊಡ್ಡ ಪಾಲು. ಕಷ್ಟ ಬರುವುದು ಸಂಜೆಯ ಮೇಲೆ. ಸೂರ್ಯ ಇಳಿಯುತ್ತಾನೆ, ಮನೆ ಇನ್ನೂ ಕಾದಿರುತ್ತದೆ, ಎಲ್ಲರೂ ಎಸಿ ಹಾಕುತ್ತಾರೆ.

ಫ್ರಾನ್ಸಿನ ಹೆಚ್ಚಿನ ಕರೆಂಟ್ ಬರುವುದು ಅಣು ಸ್ಥಾವರಗಳಿಂದ. ಅವುಗಳಲ್ಲಿ ಹಲವು ನದಿ ನೀರಿನಿಂದ ತಣಿಯುತ್ತವೆ. ನದಿಯೇ ಕಾದರೆ ಅದಕ್ಕೆ ಇನ್ನಷ್ಟು ಬಿಸಿನೀರು ಬಿಡುವಂತಿಲ್ಲ, ಮೀನು ಸಾಯುತ್ತವೆ. 2025ರ ಜೂನ್ ಕೊನೆಯಲ್ಲಿ ಗರೋನ್ ನದಿ 28 ಡಿಗ್ರಿ ಸಮೀಪಿಸಿದಾಗ ಗೋಲ್ಫೆಶ್ ಸ್ಥಾವರದ ಒಂದು ಘಟಕವನ್ನು ನಿಲ್ಲಿಸಿದರು.

ಇನ್ನು ಎಸಿಯೊಳಗಿನ ಗ್ಯಾಸ್, ಅಂದರೆ ಕೊಳವೆಯೊಳಗೆ ಸುತ್ತುತ್ತದೆ ಎಂದು ಮೇಲೆ ಹೇಳಿದ ಅದೇ ದ್ರವ. ಈಗ ಬಹಳ ಬಳಕೆಯಲ್ಲಿರುವ ಆರ್-32 ಒಂದು ಕಿಲೋ ಸೋರಿದರೆ, ಭೂಮಿಯ ಕಾವು ಏರಿಸುವುದರಲ್ಲಿ ಸುಮಾರು 675 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಯುರೋಪಿಯನ್ ಒಕ್ಕೂಟ 2024ರಲ್ಲಿ ಹೊಸ ನಿಯಮ ತಂದು ಇಂಥ ಗ್ಯಾಸುಗಳ ಬಳಕೆಯನ್ನು 2050ರೊಳಗೆ ಪೂರ್ತಿ ನಿಲ್ಲಿಸಲು ಹೊರಟಿದೆ. ಬದಲಿಗೆ ಬರುತ್ತಿರುವುದು ಪ್ರೊಪೇನ್. ಅದರಿಂದ ವಾತಾವರಣಕ್ಕೆ ತೊಂದರೆ ತೀರಾ ಕಡಿಮೆ. ಬೆಂಕಿ ಹತ್ತುವ ಗ್ಯಾಸ್ ಆದ್ದರಿಂದ ಕೂರಿಸುವಾಗ ಎಚ್ಚರ ಜಾಸ್ತಿ ಬೇಕು.

## ಊರನ್ನೇ ತಂಪು ಮಾಡುವ ದಾರಿಗಳು

ಪ್ಯಾರಿಸ್‌ನ ರಸ್ತೆಗಳ ಕೆಳಗೆ 1991ರಿಂದ ತಂಪು ನೀರಿನ ಕೊಳವೆ ಜಾಲವೊಂದು ಬೆಳೆಯುತ್ತಾ ಬಂದಿದೆ. ಕೆಲವು ದೊಡ್ಡ ಕೇಂದ್ರಗಳಲ್ಲಿ ನೀರನ್ನು ಸುಮಾರು 5 ಡಿಗ್ರಿಗೆ ತಣಿಸಿ ನೂರಾರು ಕಟ್ಟಡಗಳಿಗೆ ಕಳಿಸುತ್ತಾರೆ. ಕಟ್ಟಡದ ಕಾವು ಹೀರಿದ ನೀರು ವಾಪಸ್ ಬರುತ್ತದೆ. ಆ ಕಾವನ್ನು ಬೀದಿಯ ಗಾಳಿಗೆ ಬಿಡುವ ಬದಲು ಹೆಚ್ಚಾಗಿ ಸೇನ್ ನದಿಯ ನೀರಿಗೆ ಸಾಗಿಸುತ್ತಾರೆ. ಚಳಿಗಾಲದಲ್ಲಿ ನದಿ ಸಾಕಷ್ಟು ತಣ್ಣಗಿರುವಾಗ ಯಂತ್ರದ ಕೆಲಸವೇ ಕಡಿಮೆ. ಲೂವ್ರ್ ಮ್ಯೂಸಿಯಂ ತಂಪಾಗಿರುವುದು ಈ ನೀರಿನಿಂದ. 2042ರ ಹೊತ್ತಿಗೆ ಜಾಲವನ್ನು 250 ಕಿ.ಮೀ. ದಾಟಿಸುವ ಯೋಜನೆಯಿದೆ, ಆಸ್ಪತ್ರೆ, ಶಾಲೆಗಳಿಗೂ ಮುಟ್ಟಿಸುವ ಉದ್ದೇಶ. ಆದರೆ ತಗಡಿನ ಕೆಳಗಿನ ಬಾಡಿಗೆ ಕೋಣೆಗೆ ಇದು ಬೇಗ ಬರುವ ಲಕ್ಷಣ ಕಾಣುವುದಿಲ್ಲ.

ಬಾರ್ಸಿಲೋನಾ ಹಿಡಿದ ದಾರಿ ನನಗೆ ತುಂಬಾ ಹಿಡಿಸಿತು. ಎಲ್ಲರ ಮನೆಗೂ ತಂಪು ಮುಟ್ಟಿಸುವುದು ತಕ್ಷಣಕ್ಕೆ ಆಗದು, ಆದರೆ ಎಲ್ಲರೂ ನಡೆದು ಹೋಗುವ ದೂರದಲ್ಲಿ ಒಂದು ತಂಪು ಜಾಗ ಇರಬೇಕು ಎಂದು 2020ರಲ್ಲಿ ಶುರು ಮಾಡಿದರು. ಹೊಸ ಕಟ್ಟಡ ಕಟ್ಟಲಿಲ್ಲ. ಇದ್ದ ಲೈಬ್ರರಿ, ಮ್ಯೂಸಿಯಂ, ಶಾಲೆ, ಪಾರ್ಕುಗಳನ್ನೇ ಹವಾಮಾನ ಆಶ್ರಯ ಎಂದು ಗುರುತಿಸಿದರು. ಕೂರಲು ಜಾಗ, ಕುಡಿಯಲು ನೀರು ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಯಾಕೆ ಬಂದಿರಿ ಎಂದು ಕೇಳುವವರಿಲ್ಲ. ಈಗ ಅಂಥ 350ಕ್ಕೂ ಹೆಚ್ಚು ಜಾಗಗಳಿವೆ. ಒಂದು ಕೊರತೆ ಉಳಿದಿದೆ. ಬಹುಪಾಲು ಜಾಗಗಳು ರಾತ್ರಿ ಮುಚ್ಚುತ್ತವೆ, ಆಗಸ್ಟ್ ರಜೆಯಲ್ಲಿ ಕೆಲವು ತೆರೆಯುವುದೇ ಇಲ್ಲ.

ಸ್ಪೇನಿನ ಸೆವಿಲ್ಲಾದಲ್ಲಿ ಪೇಟೆ ಬೀದಿಗಳ ಮೇಲೆ ಕಟ್ಟಡದಿಂದ ಕಟ್ಟಡಕ್ಕೆ ಬಿಳಿ ಬಟ್ಟೆ ಎಳೆದು ನೆರಳು ಮಾಡುತ್ತಾರೆ. ನೆಲಕ್ಕೆ ಬಿಸಿಲು ಬೀಳದಿದ್ದರೆ ರಾತ್ರಿ ಬಿಡಲು ಅದರಲ್ಲಿ ಕಾವೂ ಇರುವುದಿಲ್ಲ. 2022ರಲ್ಲಿ ಆ ಊರು ಚಂಡಮಾರುತಕ್ಕೆ ಇಡುವಂತೆ ಹೀಟ್‌ವೇವ್‌ಗೂ ಹೆಸರಿಟ್ಟಿತು. ಮೊದಲನೆಯದರ ಹೆಸರು ಜೋಯಿ. ಜನ ಎಚ್ಚರವಾಗಲಿ ಎಂಬುದು ಉದ್ದೇಶ. ಗ್ರೀಸ್ ಬಿಸಿಲು ತೀರಾ ಏರಿದಾಗ ಮಧ್ಯಾಹ್ನ 12ರಿಂದ 5ರವರೆಗೆ ಹೊರಗಿನ ಕೂಲಿ ಕೆಲಸವನ್ನೇ ನಿಲ್ಲಿಸುತ್ತದೆ. ಅಥೆನ್ಸ್‌ನ ಅಕ್ರೊಪೊಲಿಸ್ ಕೂಡ ಆ ಹೊತ್ತಿಗೆ ಮುಚ್ಚುತ್ತದೆ.

ಬೆಂಗಳೂರಿನ ಅನೇಕ ಎಂಜಿನಿಯರುಗಳಿಗೆ ಪರಿಚಯವಿರುವ ಊರು ಜರ್ಮನಿಯ ಸ್ಟುಟ್‌ಗಾರ್ಟ್. ಅದು ಸುತ್ತ ಗುಡ್ಡವಿರುವ ತಗ್ಗಿನಲ್ಲಿದೆ, ಗಾಳಿ ಕಡಿಮೆ. ರಾತ್ರಿ ಗುಡ್ಡದ ಕಾಡಿನಲ್ಲಿ ತಣಿದ ಗಾಳಿ ಕಣಿವೆಗಳ ಮೂಲಕ ಊರಿಗೆ ಇಳಿಯುತ್ತದೆ. ಆ ದಾರಿಗೆ ಅಡ್ಡವಾಗಿ ಕಟ್ಟಡ ಏಳದಂತೆ ನಗರಸಭೆ ನಕ್ಷೆ ಇಟ್ಟುಕೊಂಡು ಕಾಯುತ್ತದೆ. 1930ರ ದಶಕದಿಂದಲೇ ಅಲ್ಲಿ ಊರಿನ ಹವೆ ನೋಡಿಕೊಳ್ಳಲು ತಜ್ಞರಿದ್ದಾರೆ. ಕರೆಂಟೇ ಬೇಡದ ತಂಪು ಅದು, ರಾತ್ರಿಯೇ ಬರುತ್ತದೆ.

## ಅಲ್ಲಿರುವ, ಅಲ್ಲಿಗೆ ಹೋಗುವ ನಮ್ಮವರಿಗೆ

ನಮ್ಮ ಅಭ್ಯಾಸ ಸೆಕೆಯಾದರೆ ಕಿಟಕಿ ತೆರೆಯುವುದು. ಅಲ್ಲಿ ಹಗಲು ಹಾಗೆ ಮಾಡಬೇಡಿ. ಒಂದು ಥರ್ಮಾಮೀಟರ್ ಒಳಗೆ, ಇನ್ನೊಂದು ಹೊರಗೆ ನೆರಳಿನಲ್ಲಿ ಇಡಿ. ಹೊರಗಿನ ಅಂಕಿ ಒಳಗಿನದಕ್ಕಿಂತ ಮೇಲೆ ಹೋದ ಕೂಡಲೇ ಕಿಟಕಿ, ಹೊರಪರದೆ ಎಲ್ಲ ಮುಚ್ಚಿ. ಬೇಸಿಗೆಯಲ್ಲಿ ಇದು ಬೆಳಗ್ಗೆ ಎಂಟು ಒಂಬತ್ತಕ್ಕೇ ಆಗಬಹುದು. ರಾತ್ರಿ ಹೊರಗಿನ ಅಂಕಿ ಕೆಳಗೆ ಇಳಿದ ಮೇಲೆ ಎದುರು ಬದುರು ಕಿಟಕಿ ತೆರೆದು, ಬೆಳಗಿನ ಜಾವದವರೆಗೂ ಹಾಗೇ ಬಿಡಿ. ಹೊರಪರದೆ ಇಲ್ಲದಿದ್ದರೆ ಗಾಜಿನ ಹೊರಗೆ ಬಿಳಿ ಬಟ್ಟೆಯನ್ನೋ ಹೊಳೆಯುವ ಹಾಳೆಯನ್ನೋ ಗಾಳಿಗೆ ಹಾರದಂತೆ ಕಟ್ಟಿ. ಛಾವಣಿ ಕಿಟಕಿಗೆ ಇದು ಬೇಕೇ ಬೇಕು.

ಫ್ಯಾನ್ ಒಳ್ಳೆಯದು, ಕರೆಂಟೂ ಕಡಿಮೆ. ಆದರೆ ಕೋಣೆ 40 ಡಿಗ್ರಿ ದಾಟಿದರೆ ಫ್ಯಾನ್ ಮೈಗೆ ಬಿಸಿ ಗಾಳಿಯನ್ನೇ ಹೊಡೆಯುತ್ತದೆ, ಆಗ ಅದನ್ನು ನಂಬಿ ಕೂರಬಾರದು. ಒದ್ದೆ ಬಟ್ಟೆ ಮೈಗೆ ಹಾಕಿಕೊಳ್ಳಿ, ಹತ್ತಿರದ ಲೈಬ್ರರಿಗೋ ಮಾಲ್‌ಗೋ ಹೋಗಿ ಎರಡು ಮೂರು ಗಂಟೆ ಕೂತು ಬನ್ನಿ. ಹೋಟೆಲ್ ಬುಕ್ ಮಾಡುವಾಗ ಎಸಿ ಇದೆಯಾ, ಯಾವ ಮಹಡಿ ಎಂದು ಮೊದಲೇ ಕೇಳಿ. ಸ್ಟಾರ್ ಹೋಟೆಲ್ ಎಂದ ಮಾತ್ರಕ್ಕೆ ಎಸಿ ಇರಲೇಬೇಕು ಅಂತೇನಿಲ್ಲ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ "ನಾವು ಬಿಸಿಲು ಕಂಡವರು, ನಮಗೇನಾಗುತ್ತೆ" ಅನ್ನುವ ಮಾತನ್ನು ಒಪ್ಪಿ ಸುಮ್ನೆ ಇರಬೇಡಿ. ಅವರು ಒಗ್ಗಿಕೊಂಡಿರುವುದು ಫ್ಯಾನ್ ತಿರುಗುವ, ಗಾಳಿ ಆಡುವ ಮನೆಯ ಬಿಸಿಲಿಗೆ. ಬಿಪಿ, ಹೃದಯ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರಾದರೆ ಹೊರಡುವ ಮೊದಲೇ ಡಾಕ್ಟರ ಹತ್ತಿರ ಕೇಳಿಕೊಳ್ಳಿ, ಎಷ್ಟು ನೀರು ಕುಡಿಯಬಹುದು, ಧಗೆ ಜಾಸ್ತಿಯಾದರೆ ಮಾತ್ರೆ ಬದಲಿಸಬೇಕಾ ಅಂತ. ತಾವಾಗಿ ಮಾತ್ರೆ ನಿಲ್ಲಿಸಬಾರದು. ಬಾಯಾರದಿದ್ದರೂ ಆಗಾಗ ನೀರು, ಮಜ್ಜಿಗೆ ಕೊಡಿ. ಮನೆಯಲ್ಲಿ ಕಡಿಮೆ ಕಾಯುವ ಕೋಣೆ ಯಾವುದೋ ಅಲ್ಲಿ ಅವರ ಹಾಸಿಗೆ ಹಾಕಿ. ಎಳೆ ಕೂಸಿಗೂ ಇದೇ ಕೋಣೆ.

ಮಾತು ತೊದಲುವುದು, ಗೊಂದಲ, ಮೈ ಸುಡುತ್ತಿದ್ದರೂ ಬೆವರು ಇಲ್ಲದಿರುವುದು, ಎಚ್ಚರ ತಪ್ಪುವುದು, ಇವು ಹೀಟ್ ಸ್ಟ್ರೋಕಿನ ಲಕ್ಷಣ. ನಾಳೆ ನೋಡೋಣ ಅನ್ನುವ ವಿಷಯ ಅಲ್ಲ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಾ 112ಕ್ಕೆ ಫೋನ್ ಮಾಡಿ. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲೂ ಈ ನಂಬರ್ ನಡೆಯುತ್ತದೆ, ದುಡ್ಡಿಲ್ಲ. ಬ್ರಿಟನ್ನಿನಲ್ಲಿ 999 ಅಥವಾ 112 ಎರಡರಲ್ಲಿ ಯಾವುದಾದರೂ ಸರಿ.